ಯಾರೂ ಹೇಳಲಿಲ್ಲ ಸರ್

ಇವತ್ತು ರಾಜಕೀಯ ಬೇಡ. ಕುರ್ಚಿ ಕಿತ್ತಾಟ ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ನಿಮ್ಮ ಮನೆ ಮಕ್ಕಳ ಹಲ್ಲಿನ ವಿಷಯ ಮಾತಾಡೋಣ. ನಗಬೇಡಿ, ಚಾನೆಲ್ಲೂ ಬದಲಾಯಿಸಬೇಡಿ. ಹತ್ತು ನಿಮಿಷ ಕೊಡಿ ಸಾಕು.

ಮಾರ್ಚ್ 20 ವಿಶ್ವ ಬಾಯಿ ಆರೋಗ್ಯ ದಿನ. ಪ್ರಾಮಾಣಿಕವಾಗಿ ಹೇಳ್ತೀನಿ, ಅದು ನನಗೂ ಗೊತ್ತಿರಲಿಲ್ಲ. ಆವತ್ತು ಮಧ್ಯಾಹ್ನ ದೊಡ್ಡ ಸುದ್ದಿ ಏನೂ ಇರಲಿಲ್ಲ, ಸಮಯ ತುಂಬಿಸಬೇಕಿತ್ತು. ದಂತವೈದ್ಯರೊಬ್ಬರನ್ನು ಸ್ಟುಡಿಯೋಗೆ ಕರೆಸಿ ಅರ್ಧ ಗಂಟೆ ಫೋನ್-ಇನ್ ಕಾರ್ಯಕ್ರಮ ಮಾಡಿದೆವು. ಹಲ್ಲು ಬೆಳ್ಳಗಾಗೋಕೆ ಏನ್ ಮಾಡ್ಬೇಕು, ಯಾವ ಪೇಸ್ಟ್ ಒಳ್ಳೇದು, ಇಂಥವೇ ಪ್ರಶ್ನೆಗಳು. ಕೊನೆಗೆ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳ ಕರೆ ಬಂತು. ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಕೆಳಗಿನ ದವಡೆ ಹಲ್ಲು ಪೂರ್ತಿ ಹುಳುಕಾಗಿ, ಮುಖ ಊದಿಕೊಂಡು, ಮೂರು ದಿನ ಊಟ ಬಿಟ್ಟಿದ್ದ. ಹಿಂದಿನ ವಾರ ಆ ಹಲ್ಲನ್ನು ಕೀಳಿಸಿಕೊಂಡು ಬಂದಿದ್ದರು.

ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಆ ಹಲ್ಲು ಮತ್ತೆ ಬರುತ್ತಲ್ವಾ? ಹಾಲಲ್ಲೇ ಅಲ್ವಾ ಅದು?"

ಡಾಕ್ಟರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಮೆಲ್ಲಗೆ ಹೇಳಿದರು: "ಇಲ್ಲಮ್ಮಾ. ಅದು ಶಾಶ್ವತ ಹಲ್ಲು. ಮತ್ತೆ ಬರಲ್ಲ."

ಆಕೆ ಅಳಲಿಲ್ಲ, ಕೂಗಾಡಲಿಲ್ಲ. ನನ್ನ ಹೆಸರು ಹಿಡಿದು ಕರೆದು ಹೇಳಿದರು: "ಸರ್, ನಾನು ಎಸ್ಸೆಸ್ಸೆಲ್ಸಿ ಓದಿದೀನಿ. ಕೈಯಲ್ಲಿ ಫೋನ್ ಇದೆ. ದಿನಾ ಗಂಟೆಗಟ್ಟಲೆ ನೋಡ್ತೀನಿ. ನಿಮ್ಮ ಚಾನೆಲ್ಲೂ ನೋಡ್ತೀನಿ. ಇದೊಂದು ಮಾತು ಯಾರೂ ಹೇಳಲಿಲ್ಲ ಸರ್."

ನಾನು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಬ್ರೇಕ್ ಬಂತು. ಬ್ರೇಕಿನಲ್ಲಿ ಬಂದಿದ್ದು ಏನು ಗೊತ್ತಾ? ಮೊದಲು ಚಾಕೊಲೇಟ್ ಜಾಹೀರಾತು, ಅದರ ಹಿಂದೆಯೇ ಟೂತ್‌ಪೇಸ್ಟ್ ಜಾಹೀರಾತು. ಬ್ರೇಕ್ ಮುಗಿಯುವಷ್ಟರಲ್ಲಿ ಲೈನ್ ಕಟ್ಟಾಗಿತ್ತು.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದಕ್ಕೇ ಇವತ್ತು ಈ ವಿಷಯ.

ಮೊದಲು ಆ ಹಲ್ಲಿನ ಕಥೆ ಕೇಳಿ. ಮಕ್ಕಳಿಗೆ ಹಾಲುಹಲ್ಲು 20. ಅವು ಒಂದೊಂದೇ ಬಿದ್ದು ಹೊಸವು ಬರುತ್ತವೆ, ಅದು ಎಲ್ಲರಿಗೂ ಗೊತ್ತು. ಆದರೆ ಮಗುವಿಗೆ ಆರು ವರ್ಷದ ಆಸುಪಾಸಿನಲ್ಲಿ ಕೊನೆಯ ಹಾಲುಹಲ್ಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು, ನಾಲ್ಕು ದವಡೆ ಹಲ್ಲು ಹುಟ್ಟುತ್ತವೆ. ಇವು ಬರೋದಕ್ಕೆ ಯಾವ ಹಲ್ಲೂ ಬೀಳಬೇಕಾಗಿಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕಂಡರೂ ಹಾಲುಹಲ್ಲೇ ಅಂದುಕೊಳ್ಳುತ್ತಾರೆ. ಇವು ಜೀವನಪೂರ್ತಿ ಅಗಿಯಬೇಕಾದ ಹಲ್ಲುಗಳು. ಬಾಯಿಯ ಹಿಂಭಾಗದಲ್ಲಿರುತ್ತವೆ, ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ, ಮಗುವಿನ ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಬಿಸ್ಕತ್ತಿನ ಹಿಟ್ಟು ಆ ಗೀರಿನಲ್ಲಿ ಕೂತರೆ ಅಲ್ಲೇ ಠಿಕಾಣಿ. ಮೊದಲು ಹುಳುಕಾಗುವ ಶಾಶ್ವತ ಹಲ್ಲು ಬಹುಪಾಲು ಮಕ್ಕಳಲ್ಲಿ ಇದೇ.

ಇದು ಒಬ್ಬ ತಾಯಿಯ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಗತ್ತಿನ ಬಾಯಿ ಆರೋಗ್ಯದ ವರದಿ ಕೊಟ್ಟಿತು. ಹತ್ತಿರ ಹತ್ತಿರ 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ಕಾಯಿಲೆ. ಹಾಲುಹಲ್ಲು ಹುಳುಕಾಗಿರುವ ಮಕ್ಕಳೇ 51 ಕೋಟಿಗೂ ಹೆಚ್ಚು. ಇದರಲ್ಲಿ ಬಹುಪಾಲನ್ನು ತಡೆಯಬಹುದು ಅನ್ನುವುದೇ ಇದರ ದುರಂತ. ಔಷಧಿ ಕಂಡುಹಿಡಿಯಬೇಕಾಗಿಲ್ಲ, ಲಸಿಕೆಗೆ ಕಾಯಬೇಕಾಗಿಲ್ಲ.

ಹಾಗಾದ್ರೆ ಯಾಕೆ ತಡೆಯೋಕಾಗ್ತಿಲ್ಲ?

ನಾನು ಓದಿದ್ದು ಇಂಜಿನಿಯರಿಂಗ್. ಕಾಲೇಜಿನಲ್ಲಿ ಫೀಡ್‌ಬ್ಯಾಕ್ ಅಂತ ಒಂದು ಪಾಠ ಇತ್ತು. ಕಾದ ತವಾ ಮುಟ್ಟಿದರೆ ಕೈ ತಕ್ಷಣ ಹಿಂದೆ ಬರುತ್ತೆ. ತಪ್ಪು ಮಾಡಿದ ಕ್ಷಣವೇ ಸಂಕೇತ ಸಿಗುತ್ತೆ, ನಾವು ಕಲಿತುಬಿಡುತ್ತೇವೆ. ಸಂಕೇತ ತಡವಾದರೆ ಕಲಿಕೆಯೇ ಆಗುವುದಿಲ್ಲ. ಹಲ್ಲಿನ ವಿಷಯದಲ್ಲಿ ಆಗುತ್ತಿರುವುದು ಇದೇ. ಸಿಹಿ ತಿಂದಾಗ ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವನ್ನು, ಅಂದರೆ ಎನಾಮೆಲ್ ಅನ್ನು, ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಎನಾಮೆಲ್‌ಗೆ ನರ ಇಲ್ಲ. ನೋವೇ ಗೊತ್ತಾಗಲ್ಲ. ಇವತ್ತು ರಾತ್ರಿ ಬ್ರಷ್ ಮಾಡದೆ ಮಲಗಿದರೆ ನಾಳೆ ಬೆಳಿಗ್ಗೆ ಏನೂ ಆಗಿರಲ್ಲ. ತಿಂಗಳು ಕಳೆದರೂ ಏನೂ ಆಗಿರಲ್ಲ. ನೋವು ಶುರುವಾಗುವ ಹೊತ್ತಿಗೆ ರಂಧ್ರ ಒಳಗಿನ ನರದ ಹತ್ತಿರ ಹೋಗಿರುತ್ತೆ. ನೋವು ಅನ್ನೋದು ಇಲ್ಲಿ ಮುನ್ನೆಚ್ಚರಿಕೆಯ ಗಂಟೆ ಅಲ್ಲ ಸ್ವಾಮಿ, ಕಳ್ಳ ಮನೆ ದೋಚಿಕೊಂಡು ಹೋದ ಮೇಲೆ ಬೊಗಳೋ ನಾಯಿ.

ಈಗ ಬನ್ನಿ, ನಿಮ್ಮ ಕೈಯಲ್ಲಿರೋ ಫೋನಿಗೆ. ಹಲ್ಲು ಕೊಡದ ಸಂಕೇತವನ್ನು ಆ ಫೋನ್ ಕೊಡಬಲ್ಲದಾ? ಕೊಡಬಲ್ಲದು. ಆದರೆ ಒಂದು ಷರತ್ತಿದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಫೋನ್ ಮಾಡ್ತಿರೋ ಹಾನಿ ನೋಡಿ. ಮಗು ಊಟ ಮಾಡಲ್ಲ ಅಂತ ಮೊಬೈಲ್‌ನಲ್ಲಿ ಕಾರ್ಟೂನ್ ಹಾಕಿ ಕೂರಿಸ್ತೀವಿ. ತುತ್ತು ಬಾಯಲ್ಲೇ ಅರ್ಧ ಗಂಟೆ ಇರುತ್ತೆ. ಮಗು ಅಗಿಯೋದನ್ನೇ ಮರೆತು ನೋಡ್ತಾ ಇರುತ್ತೆ. ಸಂಜೆ ಅದೇ ಫೋನ್ ಮುಂದೆ ಬಿಸ್ಕತ್ತು, ಕುರುಕಲು. ಒಮ್ಮೆ ಸಿಹಿ ತಿಂದರೆ ಬಾಯಿ ಮತ್ತೆ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಜೊಲ್ಲು ಆ ಕೆಲಸ ಮಾಡುತ್ತೆ. ಹಾಗಾಗಿ ಹಬ್ಬದ ದಿನ ಊಟದ ಜೊತೆ ಎರಡು ಒಬ್ಬಟ್ಟು ತಿಂದಿದ್ದಕ್ಕಿಂತ, ದಿನವಿಡೀ ಹತ್ತು ಸಲ ಅರ್ಧರ್ಧ ಬಿಸ್ಕತ್ತು ಕಡಿದಿದ್ದು ಹಲ್ಲಿಗೆ ಹೆಚ್ಚು ಅಪಾಯ. ಎಷ್ಟು ತಿಂದೆವು ಅನ್ನುವಷ್ಟೇ ಎಷ್ಟು ಸಲ ತಿಂದೆವು ಅನ್ನೋದೂ ಮುಖ್ಯ. ಇದನ್ನು ಯಾವ ಬಿಸ್ಕತ್ತಿನ ಪ್ಯಾಕೆಟ್ ಮೇಲೂ ಬರೆದಿರಲ್ಲ.

ಇನ್ನು ಫೋನಿನೊಳಗೆ ಬರೋ ಬುದ್ಧಿಮಾತು. ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಉಜ್ಜಿ, ಎರಡು ನಿಮಿಷದಲ್ಲಿ ಮುತ್ತಿನಂಥ ಹಲ್ಲು! ಮೂವತ್ತು ಸೆಕೆಂಡಿನ ವಿಡಿಯೋ. ನಿಂಬೆಯಲ್ಲಿರೋದೇ ಆಮ್ಲ, ಎನಾಮೆಲ್ ಕರಗಿಸೋದೂ ಆಮ್ಲವೇ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬರುತ್ತೆ. ಸುಳ್ಳು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತೆ ಅಂತಾರೆ. ಅದೂ ಸುಳ್ಳು, ಗಾರೆಯ ಹಾಗೆ ಕಟ್ಟಿಕೊಂಡಿದ್ದ ಪಾಚಿ ತೆಗೆದಾಗ ಹಲ್ಲಿನ ನಡುವೆ ಜಾಗ ಕಾಣುತ್ತೆ, ಅಷ್ಟೇ. ಹಲ್ಲನ್ನು ಸಡಿಲ ಮಾಡಿದ್ದೇ ಆ ಪಾಚಿ. ಸುಳ್ಳು ಕನ್ನಡದಲ್ಲಿ ಬರ್ತಿದೆ, ಹಾಡು ಹಾಕಿಕೊಂಡು ಬರ್ತಿದೆ. ಸತ್ಯ ಎಲ್ಲಿದೆ?

ಸತ್ಯವೂ ಇದೆ. 2019ರಲ್ಲಿ ದೆಹಲಿಯ ಏಮ್ಸ್ ಮತ್ತು ಕೇಂದ್ರ ಆರೋಗ್ಯ ಸಚಿವಾಲಯ ಸೇರಿ ಇ-ದಂತಸೇವಾ ಅಂತ ಒಂದು ವೆಬ್‌ಸೈಟು, ಮೊಬೈಲ್ ಆ್ಯಪ್ ಶುರು ಮಾಡಿದವು. ಬಾಯಿ ಆರೋಗ್ಯದ ಮಾಹಿತಿ, ಹತ್ತಿರದ ಚಿಕಿತ್ಸಾ ಸೌಲಭ್ಯದ ವಿವರ ಒಂದೇ ಕಡೆ ಸಿಗಲಿ ಅಂತ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಯಿ ಆರೋಗ್ಯಕ್ಕೆ ಮೊಬೈಲ್ ಬಳಸೋದು ಹೇಗೆ ಅಂತ ಒಂದು ಕೈಪಿಡಿಯನ್ನೇ ಹೊರತಂದಿತು. ಕೈ ಎತ್ತಿ ನೋಡೋಣ, ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಎಲ್ಲೋ ಒಂದು ಕಡೆ ಮಾಹಿತಿ ಇಟ್ಟರೆ ಅದು ಅಭ್ಯಾಸ ಆಗುವುದಿಲ್ಲ. ಅಂಗಡಿಯಲ್ಲಿ ಬ್ರಷ್ ಇದ್ದ ಮಾತ್ರಕ್ಕೆ ಹಲ್ಲು ಶುಚಿಯಾಗುತ್ತಾ?

ಹಾಗಂತ ಡಿಜಿಟಲ್ ಸಾಧನ ಕೆಲಸಕ್ಕೆ ಬರಲ್ಲ ಅಂತಲೂ ಅಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಹದಿಹರೆಯದವರಿಗೆ ಮೊಬೈಲ್ ಸಂದೇಶ ಕಳಿಸಿ ನೆನಪಿಸಿದರೆ ಅವರ ಹಲ್ಲಿನ ಮೇಲಿನ ಕೊಳೆ ಕಡಿಮೆಯಾಗುತ್ತೆ, ಒಸಡು ಸುಧಾರಿಸುತ್ತೆ ಅಂತ ಹಲವು ಅಧ್ಯಯನಗಳು ಹೇಳಿವೆ. ಇಂಗ್ಲೆಂಡಿನಲ್ಲಿ ಒಬ್ಬ ದಂತವೈದ್ಯರು ಬ್ರಷ್ ಡಿಜೆ ಅನ್ನೋ ಆ್ಯಪ್ ಮಾಡಿದರು. ಅದರ ಕೆಲಸ ತೀರಾ ಸರಳ. ಎರಡು ನಿಮಿಷ ನಿಮಗಿಷ್ಟವಾದ ಹಾಡು ಹಾಕುತ್ತೆ. ಹಾಡು ಮುಗಿಯೋವರೆಗೂ ಬ್ರಷ್ ಮಾಡಿ, ಅಷ್ಟೇ. ನಾವೆಲ್ಲ ಎರಡು ನಿಮಿಷ ಉಜ್ಜುತ್ತೀವಿ ಅಂದುಕೊಂಡಿರುತ್ತೀವಿ. ಒಂದು ದಿನ ಗಡಿಯಾರ ಇಟ್ಟುಕೊಂಡು ನೋಡಿ. ನಾನು ನೋಡಿದೆ. ನನ್ನ ಎರಡು ನಿಮಿಷ ಬರೀ ನಲವತ್ತು ಸೆಕೆಂಡಿನದ್ದು!

ಈಗ ಆ ಷರತ್ತು. ಫೋನ್ ನೆನಪಿಸಬಲ್ಲದು, ತೋರಿಸಬಲ್ಲದು, ಲೆಕ್ಕ ಇಡಬಲ್ಲದು. ಮಗುವಿನ ಪಕ್ಕ ನಿಲ್ಲಲಾರದು. ಆ್ಯಪ್ ಹೊಸದಾಗಿದ್ದಾಗ ವಾರಗಟ್ಟಲೆ ಉತ್ಸಾಹ, ಆಮೇಲೆ ನೋಟಿಫಿಕೇಶನ್ ಬಂದರೆ ಬೆರಳಲ್ಲಿ ಪಕ್ಕಕ್ಕೆ ತಳ್ಳಿಬಿಡ್ತೀವಿ. ಪಕ್ಕದಲ್ಲಿ ಒಬ್ಬ ಮನುಷ್ಯ ಇರಬೇಕು. ಅಮ್ಮ, ಅಪ್ಪ, ಅಜ್ಜಿ, ಟೀಚರ್, ಅಂಗನವಾಡಿ ಕಾರ್ಯಕರ್ತೆ, ಯಾರಾದರೂ ಸರಿ. ಮನುಷ್ಯ ಮತ್ತು ಫೋನ್ ಸೇರಿದರೆ ಮಾತ್ರ ಅಭ್ಯಾಸ ಹುಟ್ಟುತ್ತೆ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಚೈಲ್ಡ್‌ಸ್ಮೈಲ್ ಅಂತ ಒಂದು ಯೋಜನೆ. ಶಿಶುವಿಹಾರದ ಮಕ್ಕಳು ದಿನಾ ಟೀಚರ್ ಎದುರಿಗೆ ಒಟ್ಟಿಗೆ ಬ್ರಷ್ ಮಾಡ್ತಾರೆ. ಕೆಲವೇ ವರ್ಷಗಳಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆಯಲ್ಲಿ ಉಳಿದ ದುಡ್ಡು ಯೋಜನೆಗೆ ಹಾಕಿದ ದುಡ್ಡನ್ನೇ ಮೀರಿಸಿತು. ಅದು ಶ್ರೀಮಂತ ದೇಶ ಅಂತೀರಾ? ಫಿಲಿಪೀನ್ಸ್ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಫಿಟ್ ಫಾರ್ ಸ್ಕೂಲ್ ಅಂತ ಕಾರ್ಯಕ್ರಮ. ದಿನಾ ಸೋಪು ಹಚ್ಚಿ ಕೈ ತೊಳೆಯೋದು, ದಿನಾ ಫ್ಲೋರೈಡ್ ಪೇಸ್ಟ್ ಹಾಕಿ ಎಲ್ಲರೂ ಒಟ್ಟಿಗೆ ಬ್ರಷ್ ಮಾಡೋದು, ವರ್ಷಕ್ಕೆ ಎರಡು ಸಲ ಜಂತುಹುಳದ ಮಾತ್ರೆ. ದೊಡ್ಡ ಯಂತ್ರ ಇಲ್ಲ, ಎಸಿ ಆಸ್ಪತ್ರೆ ಇಲ್ಲ.

ನಮ್ಮಲ್ಲಿ ಏನಿಲ್ಲ ಹೇಳಿ? ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2021ರಿಂದ ಕಾರ್ಯಕರ್ತೆಯರು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ ದಾಖಲಿಸ್ತಿದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ, ಶಾಲೆಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಅವರ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ದೇಶದಲ್ಲಿ ಅತಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆಯನ್ನೂ ಈ ರಾಜ್ಯ ತಂದಿದೆ. ಒಳ್ಳೆಯದೇ, ಹಲ್ಲಿಲ್ಲದ ಅಜ್ಜಿ ರೊಟ್ಟಿ ತಿನ್ನುವಂತಾದರೆ ಅದಕ್ಕಿಂತ ಪುಣ್ಯ ಇನ್ನೇನಿದೆ? ಆದರೆ ಹಲ್ಲು ಹೋದ ಮೇಲೆ ಕೊಡೋದು ಭಾಗ್ಯ ಆದರೆ, ಹಲ್ಲು ಹೋಗದ ಹಾಗೆ ನೋಡಿಕೊಳ್ಳೋದು ಅದಕ್ಕಿಂತ ದೊಡ್ಡ ಭಾಗ್ಯ ಅಲ್ವಾ? ಮಧ್ಯಾಹ್ನದ ಬಿಸಿಯೂಟ ಆದಮೇಲೆ ಹತ್ತು ನಿಮಿಷ. ನಲ್ಲಿ ಹತ್ತಿರ ಸಾಲು. ಟೀಚರ್ ಫೋನಿನಲ್ಲಿ ಎರಡು ನಿಮಿಷದ ಒಂದು ಕನ್ನಡ ಹಾಡು. ಮಾಡೋಕಾಗಲ್ವಾ?

ಫೋನ್ ಇನ್ನೊಂದು ದೊಡ್ಡ ಕೆಲಸ ಮಾಡಬಲ್ಲದು. ಅದು ಜೀವ ಉಳಿಸೋ ಕೆಲಸ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 21ಕ್ಕಿಂತ ಹೆಚ್ಚು ಜನ ಹೊಗೆರಹಿತ ತಂಬಾಕು ಬಳಸ್ತಾರೆ. ಅಂದರೆ ಗುಟ್ಕಾ, ಖೈನಿ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು. ಮಹಾರಾಷ್ಟ್ರ ಗಡಿಯ ಕಡೆ ಹೊಗೆಸೊಪ್ಪಿನ ಪುಡಿಯಲ್ಲೇ ಹಲ್ಲು ಉಜ್ಜೋ ಹೆಣ್ಣುಮಕ್ಕಳಿದ್ದಾರೆ. ಹಲ್ಲಿಗೆ ಒಳ್ಳೇದು ಅಂತ ನಂಬಿದ್ದಾರೆ! ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯ್ತು. ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ, ಬಾಯಲ್ಲಿ ಎರಡೂ ಸೇರಿ ಮತ್ತೆ ಗುಟ್ಕಾ ಆಯ್ತು. ಬಾಯಿ ಕ್ಯಾನ್ಸರ್ ಕೂಡ ಮೊದಮೊದಲು ನೋಯುವುದಿಲ್ಲ. ಅದೇ ಕಥೆ. ಸಂಕೇತ ತಡ.

ಬೆಂಗಳೂರಿನ ಕೆಎಲ್‌ಇ ದಂತ ಕಾಲೇಜಿನ ತಜ್ಞರು, ಕ್ಯಾನ್ಸರ್ ವೈದ್ಯರು, ಬಯೋಕಾನ್ ಫೌಂಡೇಶನ್ ಸೇರಿ ಇದಕ್ಕೆ ಒಂದು ದಾರಿ ಹುಡುಕಿದರು. ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮೊಬೈಲ್‌ನಲ್ಲಿ ಜನರ ಬಾಯಿಯ ಫೋಟೋ ತೆಗೆಸಿ, ದೂರದಲ್ಲಿರುವ ತಜ್ಞರಿಗೆ ಕಳಿಸುವ ವ್ಯವಸ್ಥೆ. ಅದರ ವರದಿ 2015ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಜರ್ನಲ್‌ನಲ್ಲಿ ಪ್ರಕಟವಾಯಿತು. ನಮ್ಮ ಊರಿನ ಕೆಲಸ ಅದು! ತಜ್ಞರು ಹಳ್ಳಿಗೆ ಬರಲಾಗದಿದ್ದರೆ ಹಳ್ಳಿಯ ಫೋಟೋ ತಜ್ಞರ ಹತ್ತಿರ ಹೋಗಲಿ. ಆದರೆ ಇಲ್ಲೂ ಅದೇ ಷರತ್ತು. ಫೋಟೋ ಹೋಯ್ತು, ತಜ್ಞರು ನೋಡಿ ಸಂಶಯ ಇದೆ ಅಂದರು. ಆಮೇಲೆ? ಆ ಕೂಲಿ ಕಾರ್ಮಿಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋರು ಯಾರು? ಒಂದು ದಿನದ ಕೂಲಿ ಹೋದರೆ ಕೊಡೋರು ಯಾರು? ಅಲ್ಲಿ ಮತ್ತೆ ಮನುಷ್ಯ ಬೇಕು, ಸರ್ಕಾರ ಬೇಕು.

ಕೊನೆಗೆ, ಇವತ್ತು ರಾತ್ರಿಯಿಂದಲೇ ನೀವು ಮಾಡಬಹುದಾದ್ದು ಹೇಳ್ತೀನಿ. ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡೇ ಹೇಳ್ತಿದೀನಿ.

ಮಲಗೋ ಮುಂಚೆ ಬ್ರಷ್ ಮಾಡಿ. ಬೆಳಿಗ್ಗೆಯದ್ದಕ್ಕಿಂತ ಇದೇ ಮುಖ್ಯ, ಯಾಕಂದ್ರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತೆ, ಹಲ್ಲಿಗೆ ಕಾವಲಿರಲ್ಲ. ಫ್ಲೋರೈಡ್ ಇರೋ ಪೇಸ್ಟ್ ಸಾಕು, ಬಣ್ಣ, ಪರಿಮಳ, ಬೆಲೆ ಮುಖ್ಯ ಅಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು. ನಮ್ಮ ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆ ಅಲೆಯಾಗಿ ತೋರಿಸ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ! ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ, ನೀರಲ್ಲೇ ಫ್ಲೋರೈಡ್ ಹೆಚ್ಚಿರೋ ಕಡೆಯವರು ಮಕ್ಕಳ ಪೇಸ್ಟ್ ಬಗ್ಗೆ ಒಮ್ಮೆ ದಂತವೈದ್ಯರನ್ನು ಕೇಳಿ. ಉಜ್ಜಿದ ಮೇಲೆ ಉಗುಳಿ, ಆದರೆ ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಬೇಡಿ; ಹಲ್ಲಿನ ಮೇಲೆ ಸ್ವಲ್ಪ ಫ್ಲೋರೈಡ್ ಉಳಿಯಲಿ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಬ್ರಷ್ ಕೊಟ್ಟು ಸುಮ್ಮನಾಗಬೇಡಿ. ಒಂದು ಸುತ್ತು ನೀವೇ ಉಜ್ಜಿ.

ಇನ್ನು ಫೋನು. ಮೂರೇ ಕೆಲಸ. ಒಂದು, ರಾತ್ರಿ ಒಂಬತ್ತೂವರೆಗೆ ಅಲಾರಂ. ಎರಡು, ಎರಡು ನಿಮಿಷದ ಒಂದು ಹಾಡು, ಮಗುವೇ ಆರಿಸಲಿ. ಮೂರು, ತಿಂಗಳಿಗೊಂದು ಭಾನುವಾರ ಫೋನಿನ ಟಾರ್ಚ್ ಹಾಕಿ ಮಗುವಿನ ಬಾಯಿ ನೋಡಿ, ಹಿಂದಿನ ಹಲ್ಲಿನ ಒಂದು ಫೋಟೋ ತೆಗೆದಿಡಿ. ಹೋದ ತಿಂಗಳು ಇಲ್ಲದ ಕಪ್ಪು ಗೆರೆಯೋ ಸುಣ್ಣದಂಥ ಬಿಳಿ ಮಚ್ಚೆಯೋ ಈ ತಿಂಗಳು ಕಂಡರೆ ನೋವಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಗೀರು ಆಳವಾಗಿದ್ದರೆ ಹುಳುಕಾಗುವ ಮೊದಲೇ ಅದನ್ನು ಮುಚ್ಚುವ ಸೀಲಂಟ್ ಅಂತ ಇದೆ, ನೋವಿಲ್ಲದ ಕೆಲಸ, ಕೇಳಿ.

ದೊಡ್ಡವರು ಅದೇ ಟಾರ್ಚ್‌ನಲ್ಲಿ ನಿಮ್ಮ ಬಾಯನ್ನೂ ನೋಡಿಕೊಳ್ಳಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ? ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸುತ್ತಾ? ಹಿಡಿಸದಿದ್ದರೆ ನಾಳೆಯೇ ಆಸ್ಪತ್ರೆಗೆ ಹೋಗಿ. ತಂಬಾಕು ಬಿಡಬೇಕು ಅನ್ನಿಸಿದರೆ 1800-11-2356 ಗೆ ಕರೆ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಆ ತಾಯಿ ಇವತ್ತು ಈ ಕಾರ್ಯಕ್ರಮ ನೋಡ್ತಿದ್ದರೆ, ಅಮ್ಮಾ, ನಿಮಗೊಂದು ಮಾತು. ತಪ್ಪು ನಿಮ್ಮದಲ್ಲ. ಹೇಳಬೇಕಾದವರು ಹೇಳಲಿಲ್ಲ. ಆ ಹೇಳಬೇಕಾದವರಲ್ಲಿ ನಾನೂ ಒಬ್ಬ. ನಿಮ್ಮ ಮಗನ ಬಾಯಲ್ಲಿ ಅಂಥ ಹಲ್ಲು ಇನ್ನೂ ಮೂರಿವೆ. ಅವನ್ನು ಉಳಿಸಿಕೊಳ್ಳೋಣ.

ಈಗ ಒಂದು ಬ್ರೇಕ್ ತಗೊಳ್ತಿದೀನಿ. ಸರಿಯಾಗಿ ಎರಡು ನಿಮಿಷದ್ದು. ಬ್ರೇಕಿನಲ್ಲಿ ಚಾಕೊಲೇಟೂ ಬರುತ್ತೆ, ಪೇಸ್ಟೂ ಬರುತ್ತೆ. ಅದನ್ನು ನೋಡ್ತಾ ಕೂರಬೇಡಿ. ಮಗುವನ್ನು ಎಬ್ಬಿಸಿಕೊಂಡು, ಬ್ರಷ್ ಹಿಡಿದು ಬಚ್ಚಲಿಗೆ ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ.